ಶಾಲೆಯಲ್ಲಿ ಅವಧಾನ: ಅಭ್ಯಾಸವೋ, ಆಜ್ಞೆಯೋ?

ಹಿರಿಯರು ಮಕ್ಕಳಿಗೆ ಹೇಳುವ ಬುದ್ಧಿಮಾತುಗಳಲ್ಲಿ ‘ಸಾವಧಾನ’ ಎಂಬ ಪದವು ನಮಗೆಲ್ಲ ಚಿರಪರಿಚಿತವಾದುದು. ಸಾವಧಾನವಾಗಿ ನಡೆ, ಸಾವಧಾನವಾಗಿ ಉಣ್ಣು ಎಂದು ಮನೆಯಲ್ಲಿ ಹೇಳುವಾಗ ಅದರಲ್ಲಿ ಎಚ್ಚರಿಕೆಯೊಡನೆ ವಾತ್ಸಲ್ಯವೂ ಬೆರೆತಿರುತ್ತದೆ. ಅದೇ ಪದವು ಶಾಲೆಯ ಮೈದಾನದಲ್ಲಿ ‘ಸಾವಧಾನ್’ ಎಂಬ ಆಜ್ಞೆಯಾಗಿ ಕೇಳಿಬರುತ್ತದೆ. ಮಕ್ಕಳು ಹಿಮ್ಮಡಿ ಕೂಡಿಸಿ ಸೆಟೆದು ನಿಲ್ಲುತ್ತಾರೆ. ದೇಹ ನಿಶ್ಚಲವಾಗುತ್ತದೆ, ಮನಸ್ಸು ಎಲ್ಲಿರುತ್ತದೆಯೋ ಯಾರೂ ವಿಚಾರಿಸುವುದಿಲ್ಲ. ಒಂದೇ ಪದದ ಈ ಎರಡು ಮುಖಗಳನ್ನು ಗಮನದಲ್ಲಿಟ್ಟುಕೊಂಡು, ಇಂದು ಶಿಕ್ಷಣಕ್ಷೇತ್ರದಲ್ಲಿ ಬಹುಚರ್ಚಿತವಾಗಿರುವ ಒಂದು ವಿಷಯವನ್ನು ನಾವು ಪರಿಶೀಲಿಸಬೇಕಾಗಿದೆ. ಇಡೀ ಶಾಲೆಯಲ್ಲಿ ಧ್ಯಾನವನ್ನೋ ಅವಧಾನದ ಅಭ್ಯಾಸವನ್ನೋ ಜಾರಿಗೆ ತರುವುದು ಉಚಿತವೆ? ತಂದರೆ ಅದನ್ನು ಜೀವಂತವಾಗಿ ಉಳಿಸಿಕೊಳ್ಳುವ ಬಗೆ ಯಾವುದು? ನಿರಾಕರಿಸುವ ಶಕ್ತಿಯಿಲ್ಲದ ಎಳೆಯ ಮಕ್ಕಳ ಅಂತರಂಗವನ್ನು ಪ್ರವೇಶಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಈ ಪ್ರಯತ್ನಗಳಿಗೆ ಸುಮಾರು ಅರ್ಧ ಶತಮಾನದ ಇತಿಹಾಸವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಅವರು ಬೌದ್ಧ ಸ್ಮೃತಿಸಾಧನೆಯಿಂದ ಆಯ್ದ ಅಭ್ಯಾಸಗಳನ್ನು 1979ರಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಕಲಿಸತೊಡಗಿದರು. ಆಸ್ಪತ್ರೆಯಿಂದ ಹೊರಟ ಈ ಕ್ರಮವು ಕಾಲಾಂತರದಲ್ಲಿ ಪಾಶ್ಚಾತ್ಯ ದೇಶಗಳ ಶಾಲೆಗಳನ್ನು ಹೊಕ್ಕಿತು. ನಮ್ಮ ದೇಶದಲ್ಲಿ ಇದಕ್ಕೂ ಮೊದಲೇ, 1975ರಲ್ಲಿ, ತೇರಾಪಂಥದ ಆಚಾರ್ಯ ತುಲಸಿಯವರ ಆಶ್ರಯದಲ್ಲಿ ಮುನಿ ನಥಮಲ್‌ಜಿಯವರು (ಮುಂದೆ ಆಚಾರ್ಯ ಮಹಾಪ್ರಜ್ಞರು) ಪ್ರೇಕ್ಷಾಧ್ಯಾನಕ್ಕೆ ವ್ಯವಸ್ಥಿತ ರೂಪ ಕೊಟ್ಟರು. ಅದರಿಂದಲೇ ಶಾಲಾಮಕ್ಕಳಿಗಾಗಿ ‘ಜೀವನ ವಿಜ್ಞಾನ’ವೆಂಬ ಶಿಕ್ಷಣಕ್ರಮವೂ ರೂಪುಗೊಂಡಿತು. 2018ರ ಜುಲೈಯಲ್ಲಿ ದೆಹಲಿ ಸರ್ಕಾರವು ತನ್ನ ಶಾಲೆಗಳಲ್ಲಿ ಶಿಶುವರ್ಗದಿಂದ ಎಂಟನೆಯ ತರಗತಿಯವರೆಗೆ ‘ಹ್ಯಾಪಿನೆಸ್’ ಪಠ್ಯಕ್ರಮವನ್ನು ಆರಂಭಿಸಿತು. ದಿನಕ್ಕೊಂದು ಅವಧಿ, ಆರಂಭದಲ್ಲಿ ಕೆಲವು ನಿಮಿಷಗಳ ಅವಧಾನ, ಬಳಿಕ ಕಥೆ ಮತ್ತು ಚಟುವಟಿಕೆ, ಪರೀಕ್ಷೆಯಿಲ್ಲ ಎಂಬುದು ಅದರ ಸ್ವರೂಪ. 2022ರ ನವೆಂಬರಿನಲ್ಲಿ ಕರ್ನಾಟಕದಲ್ಲಿಯೂ ಶಾಲೆಗಳಲ್ಲಿ ದಿನಕ್ಕೆ ಹತ್ತು ನಿಮಿಷ ಧ್ಯಾನ ಮಾಡಿಸುವ ಪ್ರಸ್ತಾಪ ಬಂದಾಗ ಸ್ವಾಗತ ಮತ್ತು ವಿರೋಧಗಳೆರಡೂ ವ್ಯಕ್ತವಾದವು. ವಿಷಯವು ಇನ್ನು ಕೇವಲ ತಾತ್ತ್ವಿಕ ಚರ್ಚೆಯದಲ್ಲ ಎಂಬುದಕ್ಕೆ ಇಷ್ಟು ಸಾಕು.

ಏಕಾಗ್ರತೆಯೆಲ್ಲವೂ ಶುಭವೆ?

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಧ್ಯಾನ ಎಂದೊಡನೆ ಅದು ಒಳ್ಳೆಯದೆಂದು ನಾವು ಭಾವಿಸುತ್ತೇವೆ. ನಮ್ಮ ಆಚಾರ್ಯರು ಹಾಗೆ ಭಾವಿಸಲಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸಿ, ಕೊನೆಯ ಎರಡನ್ನು ಮಾತ್ರ ಮೋಕ್ಷಕ್ಕೆ ಕಾರಣವೆಂದು ಹೇಳುತ್ತದೆ. ಕಳೆದುಕೊಂಡದ್ದಕ್ಕಾಗಿ ಹಂಬಲಿಸುವ ಮನಸ್ಸೂ ಏಕಾಗ್ರವೇ. ಹಿಂಸೆಯಲ್ಲಿ ಸಂತೋಷಿಸುವ ಮನಸ್ಸೂ ಏಕಾಗ್ರವೇ. ಬೇಟೆಗಾರನ ಅವಧಾನಕ್ಕೆ ಕೊರತೆಯುಂಟೆ? ಕೆರೆಯ ದಡದಲ್ಲಿ ಒಂಟಿಕಾಲಿನ ಮೇಲೆ ನಿಂತ ಬಕಪಕ್ಷಿಯ ನಿಶ್ಚಲತೆಯನ್ನು ಕಂಡೇ ಲೋಕವು ‘ಬಕಧ್ಯಾನ’ವೆಂಬ ಮಾತನ್ನು ಸೃಷ್ಟಿಸಿತು.

ಆದುದರಿಂದ ಶಾಲೆಯೊಂದು ‘ನಾವು ಮಕ್ಕಳಿಗೆ ಏಕಾಗ್ರತೆ ಕಲಿಸುತ್ತೇವೆ’ ಎಂದಾಗ, ಯಾವುದಕ್ಕಾಗಿ ಎಂದು ಕೇಳಲೇಬೇಕು. ಹೆಚ್ಚು ಅಂಕ ಬರಲಿ, ಶಾಲೆಯ ಫಲಿತಾಂಶ ಏರಲಿ ಎಂಬುದೇ ಉತ್ತರವಾದರೆ ಅದರಲ್ಲಿ ಅಪರಾಧವೇನೂ ಇಲ್ಲ. ಆದರೆ ಅದಕ್ಕೆ ನೀತಿಶಿಕ್ಷಣವೆಂಬ ಹೆಸರು ಸಲ್ಲದು. ಮುಂದಿನ ಲಾಭದ ಬಯಕೆಯನ್ನು ಹಿಡಿದು ಕುಳಿತ ಚಿಂತನೆಗೆ ಶಾಸ್ತ್ರದಲ್ಲಿ ‘ನಿದಾನ’ವೆಂಬ ಹೆಸರಿದೆ, ಅದು ಆರ್ತಧ್ಯಾನದ ಒಂದು ಭೇದ. ಹತ್ತನೆಯ ತರಗತಿಯ ಮಗುವನ್ನು ಕಣ್ಣು ಮುಚ್ಚಿ ಕೂಡಿಸಿ ‘ನಾನು ಪ್ರಥಮ ಸ್ಥಾನ ಪಡೆಯುತ್ತೇನೆ’ ಎಂದು ಭಾವಿಸಹೇಳುವ ಪದ್ಧತಿಯು ಮಗುವಿಗೆ ಆತಂಕದ ಹೊಸದೊಂದು ವಿಧಾನವನ್ನು ಕಲಿಸುತ್ತದೆಯೇ ಹೊರತು ಶಾಂತಿಯನ್ನಲ್ಲ.

ಅವಧಾನವು ನೀತಿಯಾಗುವುದು ಎಲ್ಲಿ? ಅದು ಪರಜೀವದತ್ತ ತಿರುಗಿದಾಗ. ಜೈನದರ್ಶನದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಕ್ಕೆ ಆದ ಘಾತವನ್ನಷ್ಟೇ ಎಣಿಸದೆ, ಅದರ ಹಿಂದಿರುವ ಪ್ರಮಾದವನ್ನು, ಎಂದರೆ ಕಷಾಯದಿಂದ ಕೂಡಿದ ಎಚ್ಚರಗೇಡಿತನವನ್ನು, ಮುಂದಿಟ್ಟಿರುವುದು ಗಮನಾರ್ಹವಾಗಿದೆ. ಪ್ರಮಾದವು ಕರ್ಮಬಂಧದ ಐದು ಕಾರಣಗಳಲ್ಲಿ ಒಂದು. ಹಾಗಾದರೆ ಅಪ್ರಮಾದವು ಮನಸ್ಸಿನ ವಿಶ್ರಾಂತಿಗೆ ಬೇಕಾದ ಔಷಧವಷ್ಟೇ ಅಲ್ಲ; ಅಹಿಂಸೆಯ ಮೊದಲ ಮೆಟ್ಟಿಲು. ಎಚ್ಚರವಿಲ್ಲದವನು ಒಳ್ಳೆಯವನಾಗಿದ್ದರೂ ತುಳಿಯುತ್ತಾನೆ.

ಕುಳಿತು ಮಾಡುವುದಷ್ಟೇ ಅಲ್ಲ

ಮುನಿಗಳಿಗೆ ವಿಧಿಸಿದ ಐದು ಸಮಿತಿಗಳನ್ನು ಇಲ್ಲಿ ನೆನೆಯಬಹುದು. ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣಾ, ಉತ್ಸರ್ಗ. ಎಂದರೆ ನಡೆಯುವಲ್ಲಿ, ಮಾತನಾಡುವಲ್ಲಿ, ಆಹಾರ ಸ್ವೀಕರಿಸುವಲ್ಲಿ, ವಸ್ತುಗಳನ್ನು ಎತ್ತಿ ಇಡುವಲ್ಲಿ, ತ್ಯಾಜ್ಯವನ್ನು ವಿಸರ್ಜಿಸುವಲ್ಲಿ ಎಚ್ಚರ. ಇವು ಮಹಾವ್ರತಿಗಳಿಗೆ ಹೇಳಿದವು. ಮಕ್ಕಳ ಮೇಲೆ ಹೇರತಕ್ಕವಲ್ಲ. ಆದರೆ ಇವುಗಳ ಹಿಂದಿರುವ ವಿವೇಕವು ಶಾಲೆಗೆ ಆಶ್ಚರ್ಯಕರವಾಗಿ ಹೊಂದುತ್ತದೆ. ಒಂದು ಶಾಲೆಯ ದಿನವನ್ನು ಗಮನಿಸಿ. ಗಂಟೆ ಬಾರಿಸಿದೊಡನೆ ಮೆಟ್ಟಿಲುಗಳಲ್ಲಿ ನೂಕುನುಗ್ಗಲು. ಅಲ್ಲಿ ನಡಿಗೆಯ ಎಚ್ಚರಕ್ಕೆ ಅವಕಾಶವಿದೆ. ಅಡ್ಡಹೆಸರಿಟ್ಟು ಅಣಕಿಸುವ ಮಾತು ತರಗತಿಯಿಂದ ತರಗತಿಗೆ ಹಬ್ಬುತ್ತದೆ. ಅಲ್ಲಿ ಮಾತಿನ ಎಚ್ಚರ. ಬಿಸಿಯೂಟದ ಪಂಕ್ತಿಯಲ್ಲಿ ತಟ್ಟೆಯಲ್ಲಿ ಬಿಟ್ಟ ಅನ್ನ, ಒಂಟಿಯಾಗಿ ಕುಳಿತ ಮಗು. ಅಲ್ಲಿ ಊಟದ ಎಚ್ಚರ. ಬೆಂಚು ಎಳೆಯುವ ಸದ್ದು, ಎಸೆದ ಚೀಲ, ಹರಿದ ಪುಸ್ತಕ. ಅಲ್ಲಿ ಎತ್ತಿಡುವ ಎಚ್ಚರ. ಶೌಚಾಲಯವನ್ನು ಮುಂದೆ ಬರುವವರಿಗಾಗಿಯೂ ಅದನ್ನು ತೊಳೆಯುವವರಿಗಾಗಿಯೂ ಶುಚಿಯಾಗಿ ಬಿಟ್ಟುಬರುವುದು ಐದನೆಯದು.

ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತ ಮಗು, ಕಣ್ಣು ತೆರೆದೊಡನೆ ಪಕ್ಕದವನ ಕಾಲು ತುಳಿದು ಓಡಿದರೆ, ಆ ಹತ್ತು ನಿಮಿಷಗಳು ಎಲ್ಲಿ ಹೋದವು? ಬದಲಿಗೆ ಎರಡು ನಿಮಿಷ ಉಸಿರನ್ನು ಗಮನಿಸಿದ ಮಗು ಮೆಟ್ಟಿಲಲ್ಲಿ ಚಿಕ್ಕ ತರಗತಿಯ ಮಕ್ಕಳಿಗೆ ದಾರಿ ಬಿಟ್ಟರೆ ಅಭ್ಯಾಸವು ಫಲಿಸಿತೆನ್ನಬೇಕು. ಧ್ಯಾನದ ಪರಮಾವಧಿಯನ್ನು ಉತ್ತಮ ಶರೀರಬಲವುಳ್ಳವರಿಗೂ ಅಂತರ್ಮುಹೂರ್ತವೆಂದು, ಎಂದರೆ 48 ನಿಮಿಷಗಳೊಳಗೆ ಎಂದು, ಶಾಸ್ತ್ರವು ಮಿತಿಗೊಳಿಸಿದೆ. ಹೀಗಿರುವಲ್ಲಿ ಎಂಟು ವರ್ಷದ ಮಗುವಿಗೆ ಎರಡು ನಿಮಿಷ ಸಣ್ಣ ಅವಧಿಯಲ್ಲ.

ಒಂದು ದೊಡ್ಡ ಪರೀಕ್ಷೆಯ ಪಾಠ

ಅಭ್ಯಾಸದ ಪರವಾಗಿ ಮಾತನಾಡುವವರು ಪ್ರತಿಕೂಲ ಸಾಕ್ಷ್ಯವನ್ನು ಮರೆಮಾಡಬಾರದು. ಅದು ಸತ್ಯವ್ರತಕ್ಕೆ ಭಂಗ. ಇಂಗ್ಲೆಂಡಿನ ಸಂಶೋಧಕರು ‘ಮಿರಿಯಡ್’ ಎಂಬ ಹೆಸರಿನಲ್ಲಿ, ಬ್ರಿಟನ್ನಿನ 80ಕ್ಕೂ ಹೆಚ್ಚು ಶಾಲೆಗಳ, 11ರಿಂದ 14 ವರ್ಷದೊಳಗಿನ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನವೊಂದನ್ನು ನಡೆಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಶಿಕ್ಷಕರು ಅವಧಾನದ ಪಾಠಗಳನ್ನು ಕಲಿಸಿದರು. ಉಳಿದ ಶಾಲೆಗಳು ತಮ್ಮ ವಾಡಿಕೆಯ ಸಾಮಾಜಿಕ-ಭಾವನಾತ್ಮಕ ಶಿಕ್ಷಣವನ್ನೇ ಮುಂದುವರಿಸಿದವು. ಮಕ್ಕಳ ಖಿನ್ನತೆಯ ಸಂಭವದಲ್ಲಾಗಲಿ ಮನಸ್ಸಿನ ಸ್ವಾಸ್ಥ್ಯದಲ್ಲಾಗಲಿ ಎರಡು ಗುಂಪುಗಳ ನಡುವೆ ಅವಧಾನದ ಪರವಾದ ವ್ಯತ್ಯಾಸ ಕಾಣಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿಯೇ ಇರಲಿಲ್ಲ. ಮೊದಲೇ ಮಾನಸಿಕ ತೊಂದರೆಯ ಅಂಚಿನಲ್ಲಿದ್ದ ಮಕ್ಕಳ ವಿಷಯದಲ್ಲಿ ಎಚ್ಚರ ಬೇಕೆಂಬ ಸೂಚನೆಯೂ ದೊರೆಯಿತು. ಆದರೆ ಕಲಿಸಿದ ಶಿಕ್ಷಕರ ಬಳಲಿಕೆ ಸ್ವಲ್ಪ ತಗ್ಗಿತ್ತು. ಶಾಲೆಯ ವಾತಾವರಣದ ಕೆಲವು ಅಂಶಗಳೂ ತಾತ್ಕಾಲಿಕವಾಗಿ ಸುಧಾರಿಸಿದ್ದವು.

ಇದರಿಂದ ಅಭ್ಯಾಸವೇ ನಿಷ್ಪ್ರಯೋಜಕವೆಂದು ನಿರ್ಣಯಿಸುವುದು ಏಕಾಂತವಾದವಾದೀತು. ಅಧ್ಯಯನವನ್ನೇ ತಳ್ಳಿಹಾಕುವುದು ಇನ್ನೊಂದು ಏಕಾಂತ. ಪಾಠದಂತೆ ಕಲಿಸಿ ಮುಗಿಸಿದ ಅವಧಾನವು ಪಾಠದಂತೆಯೇ ಮರೆತುಹೋಗುತ್ತದೆ. ಬೇಡವೆನ್ನುವ ಮನಸ್ಸಿಗೆ ಕೊಟ್ಟ ಧ್ಯಾನ ಫಲಿಸುವುದಿಲ್ಲ. ಎಲ್ಲ ಮಕ್ಕಳಿಗೂ ಒಂದೇ ಪ್ರಮಾಣದ ಮದ್ದು ಹಿತವಲ್ಲ. ಬದಲಾವಣೆಯು ಮಕ್ಕಳಿಗಿಂತ ಮೊದಲು ಶಿಕ್ಷಕರಲ್ಲಿ ಕಂಡಿತು ಎಂಬುದಂತೂ ನಮ್ಮ ಚರ್ಚೆಗೆ ಬಹುಮುಖ್ಯವಾದುದು.

ಮೊದಲು ಯಾರು?

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯ ಹೊಣೆ ನಮ್ಮ ಆಚಾರಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ತಾನು ಮಾಡಿದುದು, ಮಾಡಿಸಿದುದು, ಒಪ್ಪಿದುದು. ಶಾಲೆಗಳಲ್ಲಿ ಸಾಮಾನ್ಯವಾಗಿ ಮಾಡಿಸುವುದರಿಂದಲೇ ಆರಂಭವಾಗುತ್ತದೆ. ಮಕ್ಕಳು ಕಣ್ಣು ಮುಚ್ಚಿರುತ್ತಾರೆ. ಶಿಕ್ಷಕರು ಹಾಜರಿ ಪುಸ್ತಕ ತುಂಬುತ್ತಿರುತ್ತಾರೆ ಅಥವಾ ಮೊಬೈಲ್ ನೋಡುತ್ತಿರುತ್ತಾರೆ. ಇದು ದೊಡ್ಡವರಿಗೆ ಬೇಡದ್ದು, ಚಿಕ್ಕವರಿಗೆ ಮಾತ್ರ ವಿಧಿಸಿದ್ದು ಎಂಬುದನ್ನು ಮಗು ಅರೆಗಣ್ಣಿನಲ್ಲಿಯೇ ಕಂಡುಕೊಳ್ಳುತ್ತದೆ.

ಇಲ್ಲಿ ಶಿಕ್ಷಕರನ್ನು ದೂಷಿಸುವುದೂ ನ್ಯಾಯವಲ್ಲ. ಪಾಠದ ಜೊತೆಗೆ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಅಂಕಿ-ಅಂಶಗಳ ವರದಿಗಳನ್ನು ಹೊತ್ತವರ ಮೇಲೆ ‘ಶಾಂತರಾಗಿರಿ’ ಎಂಬ ಇನ್ನೊಂದು ಸುತ್ತೋಲೆಯನ್ನು ಹೊರಿಸಿದರೆ ಅದು ಶಾಂತಿಯ ಹೆಸರಿನ ಪೀಡೆ. ಅವರಿಗೆ ಅಭ್ಯಾಸಕ್ಕೆ ಸಮಯ ಬೇಕಾದರೆ ಬೇರೊಂದು ಹೊರೆಯನ್ನು ಇಳಿಸಬೇಕು. ಆಡಳಿತ ಮಂಡಳಿಯ ಅಪ್ರಮಾದವು ವೇಳಾಪಟ್ಟಿಯಲ್ಲಿ ಕಾಣಿಸಿಕೊಳ್ಳಬೇಕು.

ಇನ್ನೊಂದು ಕಠಿಣವಾದ ಮಾತನ್ನೂ ಹೇಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಮರೆಯಾದ ಕಡೆಯೂ ಹೀಯಾಳಿಕೆ ಉಳಿದಿರುತ್ತದೆ. ಅಂಕ ಕಡಿಮೆಯಾದ ಮಗುವನ್ನು ಎಲ್ಲರೆದುರು ನಿಲ್ಲಿಸಿ, ಮರುದಿನ ಅದೇ ಮಗುವಿಗೆ ‘ಉಸಿರನ್ನು ಗಮನಿಸು, ಮನಸ್ಸು ಹಗುರವಾಗುತ್ತದೆ’ ಎಂದು ಹೇಳುವುದು ಗಾಯ ಮಾಡಿದವನೇ ಮುಲಾಮು ಮಾರಿದಂತೆ. ಮಗುವಿನ ಆತಂಕಕ್ಕೆ ಶಾಲೆಯೇ ಕಾರಣವಾಗಿದ್ದು, ಅದನ್ನು ಸಹಿಸಿಕೊಳ್ಳುವ ಕಲೆಯನ್ನು ಮಗುವಿಗೆ ಕಲಿಸಹೊರಟರೆ ಅದು ಅಹಿಂಸೆಯಲ್ಲ. ಹಿಂಸೆಯನ್ನು ಸುಗಮಗೊಳಿಸುವ ಉಪಾಯ. ಹಸಿದ ಮಗುವಿಗೆ ಬೇಕಾದುದು ಅನ್ನ. ಜಾತಿಯ ಕಾರಣದಿಂದ ದೂರ ಕೂಡಿಸಲ್ಪಟ್ಟ ಮಗುವಿಗೆ ಬೇಕಾದುದು ಪಕ್ಕದ ಸ್ಥಾನ. ಅವರಿಗೆ ಸಮಾಧಾನವನ್ನಷ್ಟೇ ಬೋಧಿಸುವುದು ನಮ್ಮ ಕರ್ತವ್ಯದಿಂದ ನಾವು ತಪ್ಪಿಸಿಕೊಂಡಂತೆ. ಮೌನವು ಗುಪ್ತಿ ಎನಿಸುವುದು ಅದು ಸ್ವಂತದ್ದಾಗಿರುವಾಗ. ಹೊರಗಿನಿಂದ ಹಾಕಿದ ಮೌನ ಬಾಯಿಕಟ್ಟು ಮಾತ್ರ.

ಸಮ್ಮತಿಯ ಪ್ರಶ್ನೆ

ವಯಸ್ಕನು ಬಸದಿಗೆ ಬಂದು ಸಾಮಾಯಿಕಕ್ಕೆ ಕುಳಿತರೆ ಅದು ಅವನ ಸಂಕಲ್ಪ. ಶಾಲೆಯ ಮಗುವಿಗೆ ಆ ಸ್ವಾತಂತ್ರ್ಯವಿಲ್ಲ; ಅದು ಎದ್ದುಹೋಗಲಾರದು. ಬಲಹೀನರ ಮೇಲೆ ಒಳ್ಳೆಯದನ್ನು ಹೇರುವಾಗಲೇ ಅಹಿಂಸಾವಾದಿಗೆ ಹೆಚ್ಚಿನ ಜಾಗರೂಕತೆ ಬೇಕು.

ನಮ್ಮ ಸಂವಿಧಾನದ 28ನೆಯ ಅನುಚ್ಛೇದವು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳಲ್ಲಿ, ಅಪ್ರಾಪ್ತವಯಸ್ಕರಾದರೆ ಪೋಷಕರ, ಸಮ್ಮತಿಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆ ಅಥವಾ ಪೂಜೆಯಲ್ಲಿ ಭಾಗವಹಿಸಲು ಬಲವಂತಪಡಿಸಬಾರದೆನ್ನುತ್ತದೆ. ಉಸಿರನ್ನು ಗಮನಿಸುವುದು ಧಾರ್ಮಿಕ ಬೋಧನೆಯೆ? ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಎಂಬಲ್ಲಿ ಶಾಲೆಗಳಲ್ಲಿ ಯೋಗ ಕಲಿಸಿದುದನ್ನು ಪೋಷಕರು ಪ್ರಶ್ನಿಸಿದಾಗ, ಅಲ್ಲಿ ಕಲಿಸುತ್ತಿದ್ದ ರೂಪದಲ್ಲಿ ಅದು ಧಾರ್ಮಿಕವಲ್ಲವೆಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಅಭ್ಯಾಸದ ಹೆಸರಿಗಿಂತ ಅದನ್ನು ಕಲಿಸುವ ರೀತಿಯೇ ನಿರ್ಣಾಯಕ ಎಂಬ ವಿವೇಕ ಆ ತೀರ್ಪಿನಲ್ಲಿದೆ.

2014ರಲ್ಲಿ ಜೈನ ಸಮುದಾಯಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತಿದೆ. ನಮ್ಮ ಸಮಾಜದವರು ನಡೆಸುವ ಶಾಲೆಗಳಲ್ಲಿ ಓದುವವರಲ್ಲಿ ಅನ್ಯ ಮತಗಳ ಮಕ್ಕಳು ಬಹಳ ಮಂದಿ. ಅಲ್ಪಸಂಖ್ಯಾತರಾಗಿರುವುದರ ಸಂಕೋಚವನ್ನು ಅನುಭವದಿಂದ ಬಲ್ಲ ನಾವು, ನಮ್ಮ ಅಂಗಳದಲ್ಲಿ ಅಲ್ಪಸಂಖ್ಯಾತರಾಗಿ ಕುಳಿತ ಮಕ್ಕಳಿಗೆ ಅದೇ ಸಂಕೋಚವನ್ನು ಉಂಟುಮಾಡಬಾರದು. ಹಾಗೆಂದು ಮೂಲವನ್ನು ಮುಚ್ಚಿಟ್ಟು ‘ಇದು ಶುದ್ಧ ವಿಜ್ಞಾನ, ಯಾವ ಧರ್ಮಕ್ಕೂ ಸಂಬಂಧವಿಲ್ಲ’ ಎಂದು ಹೇಳುವುದೂ ಅಸತ್ಯವೇ. ಮಧ್ಯದ ದಾರಿ ಸ್ಪಷ್ಟವಾಗಿದೆ. ಪೋಷಕರ ಸಭೆಯಲ್ಲಿ ಅಭ್ಯಾಸವನ್ನು ಅವರೆದುರೇ ಮಾಡಿ ತೋರಿಸಬೇಕು. ಅದರ ಮೂಲ ಯಾವುದೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಮಂತ್ರವಾಗಲಿ ಮೂರ್ತಿಯಾಗಲಿ ನಂಬಿಕೆಯ ಮಾತಾಗಲಿ ಅದರಲ್ಲಿ ಸೇರಿರಬಾರದು. ಕಣ್ಣು ಮುಚ್ಚಲು ಇಷ್ಟವಿಲ್ಲದ ಮಗು ನೆಲವನ್ನು ನೋಡುತ್ತಿರಲಿ. ಕೂರಲಾರದ ಮಗು ಸುಮ್ಮನೆ ಚಿತ್ರ ಬರೆಯಲಿ. ಕಣ್ಣು ಮುಚ್ಚಿದೊಡನೆ ಮನೆಯ ಜಗಳವೋ ಅಗಲಿದ ತಾಯಿಯೋ ಎದುರಿಗೆ ಬರುವ ಮಕ್ಕಳಿದ್ದಾರೆ. ಅವರಿಗೆ ಕತ್ತಲೆಯಲ್ಲಿ ಒಬ್ಬಂಟಿಯಾಗಿ ಕೂರಿಸುವ ಅಭ್ಯಾಸಕ್ಕಿಂತ, ಕೇಳಿಸಿಕೊಳ್ಳುವ ಒಬ್ಬ ಶಿಕ್ಷಕಿ ಹೆಚ್ಚಿನ ಆಸರೆ. ಕಾರಣ ಕೇಳದೆ ಬಿಡುವ ಔದಾರ್ಯವೇ ಆ ಅವಧಿಯ ಮೊದಲ ಪಾಠವಾಗಲಿ.

ಉಳಿಸಿಕೊಳ್ಳುವುದು ಹೇಗೆ?

ಆರಂಭಿಸುವುದು ಸುಲಭ. ಉದ್ಘಾಟನೆಗೆ ಅತಿಥಿಗಳು ಬರುತ್ತಾರೆ, ಭಾವಚಿತ್ರಗಳು ಪ್ರಕಟವಾಗುತ್ತವೆ. ಎರಡನೆಯ ವರ್ಷದಲ್ಲಿ ಏನಾಗುತ್ತದೆಂಬುದೇ ಪ್ರಶ್ನೆ. ಸಾಮಾಯಿಕವ್ರತಕ್ಕೆ ಹೇಳಿದ ಐದು ಅತಿಚಾರಗಳು ಇಲ್ಲಿ ದಾರಿದೀಪವಾಗುತ್ತವೆ. ಮನಸ್ಸು, ಮಾತು, ಕಾಯಗಳ ದುಷ್ಪ್ರವೃತ್ತಿ ಮೊದಲ ಮೂರು. ನಾಲ್ಕನೆಯದು ಅನಾದರ, ಐದನೆಯದು ಸ್ಮೃತ್ಯನುಪಸ್ಥಾನ. ಕೊನೆಯ ಎರಡು ವ್ಯಕ್ತಿಗೆ ಹೇಗೋ ಸಂಸ್ಥೆಗೂ ಹಾಗೆಯೇ ಅಂಟುವ ದೋಷಗಳು.

ಅನಾದರವೆಂದರೆ ಉತ್ಸಾಹವಿಲ್ಲದೆ ಮುಗಿಸಿಬಿಡುವುದು. ಧ್ವನಿವರ್ಧಕದಲ್ಲಿ ಮುದ್ರಿತ ಸೂಚನೆಯನ್ನು ಹಾಕಿ ಎಲ್ಲ ತರಗತಿಗಳಿಗೂ ಒಮ್ಮೆಗೇ ಕೇಳಿಸುವ ಏರ್ಪಾಡು ಇದರ ಲಕ್ಷಣ. ಸ್ಮೃತ್ಯನುಪಸ್ಥಾನವೆಂದರೆ ಮಾಡಬೇಕೆಂಬ ನೆನಪೇ ನಿಲ್ಲದಿರುವುದು. ಆಸಕ್ತಿಯುಳ್ಳ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋದ ಮೇಲೆ ಅಭ್ಯಾಸವೂ ಅವರೊಡನೆ ಹೊರಟುಹೋಗುತ್ತದೆ. ಫೆಬ್ರವರಿ ಬಂತೆಂದರೆ ಆ ಅವಧಿಯನ್ನು ಗಣಿತದ ವಿಶೇಷ ತರಗತಿ ನುಂಗುತ್ತದೆ. ಮಕ್ಕಳಿಗೆ ಅದು ಅತ್ಯಂತ ಬೇಕಾದ ತಿಂಗಳಲ್ಲಿಯೇ ಕೈತಪ್ಪುತ್ತದೆ.

ಇದಕ್ಕೆ ಪರಿಹಾರವು ದೊಡ್ಡ ಯೋಜನೆಯಲ್ಲಿಲ್ಲ, ಸಣ್ಣ ನಿಯಮದಲ್ಲಿದೆ. ಅಣುವ್ರತವೆಂಬ ಕಲ್ಪನೆಯ ಹಿರಿಮೆಯೇ ಇದು: ಪಾಲಿಸಬಹುದಾದಷ್ಟನ್ನು ಸ್ವೀಕರಿಸಿ, ಸ್ವೀಕರಿಸಿದ್ದನ್ನು ಪಾಲಿಸುವುದು. ಮೊದಲ ವರ್ಷ ಇಷ್ಟಪಟ್ಟ ಶಿಕ್ಷಕರು ಮಾತ್ರ ತಮಗಾಗಿ ಅಭ್ಯಾಸ ಮಾಡಲಿ. ಎರಡನೆಯ ವರ್ಷ ಅವರ ತರಗತಿಗಳಲ್ಲಿ, ದಿನದ ನಿಶ್ಚಿತ ಸಮಯದಲ್ಲಿ, ಎರಡು ಮೂರು ನಿಮಿಷಗಳಷ್ಟು ಮಾತ್ರ ಆರಂಭವಾಗಲಿ. ಜವಾನರು, ಅಡುಗೆಯವರು, ಕಚೇರಿಯ ಗುಮಾಸ್ತರು ಇದರಿಂದ ಹೊರಗಿರಬಾರದು; ಇಡೀ ಶಾಲೆ ಎಂಬ ಮಾತಿಗೆ ಆಗಲೇ ಅರ್ಥ. ಒಬ್ಬರ ಬದಲು ಮೂರು ನಾಲ್ಕು ಮಂದಿ ಹೊಣೆ ಹೊತ್ತರೆ ವರ್ಗಾವಣೆಯಿಂದ ಎಳೆ ಕಡಿಯುವುದಿಲ್ಲ. ತಿಂಗಳಿಗೊಮ್ಮೆ ಶಿಕ್ಷಕರು ಕುಳಿತು ಯಾವುದು ಹುಸಿಯಾಗುತ್ತಿದೆ ಎಂಬುದನ್ನು ನಿಸ್ಸಂಕೋಚವಾಗಿ ಮಾತನಾಡಲಿ, ಮಕ್ಕಳನ್ನೂ ಕೇಳಲಿ. ಅಂಕ, ಪ್ರಮಾಣಪತ್ರ, ಸ್ಪರ್ಧೆಗಳು ಇದರ ಹತ್ತಿರ ಸುಳಿಯಬಾರದು. ಅತ್ಯಂತ ಶಾಂತವಾದ ತರಗತಿಗೆ ಬಹುಮಾನವೆಂದು ಘೋಷಿಸಿದ ದಿನವೇ ಬಕಧ್ಯಾನ ಆರಂಭವಾಗುತ್ತದೆ. ಗದ್ದಲ ಮಾಡಿದುದಕ್ಕೆ ಶಿಕ್ಷೆಯಾಗಿ ಧ್ಯಾನಕ್ಕೆ ಕೂಡಿಸುವುದಂತೂ ಎಂದಿಗೂ ಸಲ್ಲದು. ಹಾಗೆ ಕೂಡಿಸಿದ ಮಗು ಜೀವಮಾನವಿಡೀ ಮೌನವನ್ನು ಶಿಕ್ಷೆಯೆಂದೇ ತಿಳಿದೀತು.

ಇಷ್ಟೆಲ್ಲ ನಿಬಂಧನೆಗಳನ್ನು ಹಾಕಿದರೆ ಯಾವ ಶಾಲೆಯೂ ಆರಂಭಿಸಲಾರದು, ಅಪೂರ್ಣವಾಗಿಯಾದರೂ ಮಾಡುವುದು ಮಾಡದಿರುವುದಕ್ಕಿಂತ ಮೇಲಲ್ಲವೆ ಎಂದು ಕೆಲವರು ಕೇಳಬಹುದು. ಅಪೂರ್ಣತೆಗೆ ಆಕ್ಷೇಪವಿಲ್ಲ. ಎರಡು ನಿಮಿಷದ ಅಭ್ಯಾಸ ಅಪೂರ್ಣವೇ, ಒಂದೇ ತರಗತಿಯಲ್ಲಿ ನಡೆದರೂ ಅಪೂರ್ಣವೇ. ಆದರೆ ಅದು ನಿಜವಾಗಿರಬಲ್ಲದು. ಆಕ್ಷೇಪವಿರುವುದು ಪೊಳ್ಳಿಗೆ. ಪೊಳ್ಳು ಅಭ್ಯಾಸವು ನಿಷ್ಫಲವಾಗುವುದಷ್ಟೇ ಅಲ್ಲ, ಮುಂದೆಂದಾದರೂ ಮೊಳೆಯಬಹುದಾಗಿದ್ದ ಶ್ರದ್ಧೆಯನ್ನೂ ಸುಟ್ಟುಬಿಡುತ್ತದೆ. ಆದುದರಿಂದ ಸ್ವಲ್ಪವಾಗಲಿ, ಸತ್ಯವಾಗಿರಲಿ.

ಹೊರಗಿನ ಜಗತ್ತೆಲ್ಲ ಮಕ್ಕಳ ಗಮನವನ್ನು ಸೆಳೆದು ಮಾರುತ್ತಿರುವಾಗ ಶಾಲೆಯೊಂದೇ ಏನು ಮಾಡೀತು ಎಂಬುದು ಇನ್ನೊಂದು ಶಂಕೆ. ಕೈಯಲ್ಲಿನ ಮೊಬೈಲ್ ದಿನವಿಡೀ ಕದಡಿದ ನೀರನ್ನು ಮೂರು ನಿಮಿಷ ತಿಳಿಗೊಳಿಸಲಾರದು ಎಂಬುದು ನಿಜ. ಆದರೆ ನೀರು ತಿಳಿಯಾಗಬಲ್ಲದು ಎಂಬ ಅನುಭವವನ್ನು ಒಮ್ಮೆ ಪಡೆದ ಮಗುವಿಗೆ ಕದಡುವಿಕೆಯ ಅರಿವೂ ಉಂಟಾಗುತ್ತದೆ. ಕೋಪ ಬಂದಾಗ ‘ಇದೋ ಕೋಪ ಬಂತು’ ಎಂದು ಒಳಗೇ ಕಂಡುಕೊಂಡ ಹುಡುಗನಿಗೆ, ಎತ್ತಿದ ಕೈಯನ್ನು ಇಳಿಸಲು ಒಂದು ಕ್ಷಣದ ಬಿಡುವು ಸಿಗುತ್ತದೆ. ಅಹಿಂಸೆಯ ಸಾಧನೆಯೆಲ್ಲ ಆ ಒಂದು ಕ್ಷಣದಲ್ಲಿ ಅಡಗಿದೆ.

ನಮ್ಮ ಸಮಾಜದಲ್ಲಿ ವಿದ್ಯಾಸಂಸ್ಥೆಗಳನ್ನು ನಡೆಸುವ ಹಿರಿಯರು ಅನೇಕರಿದ್ದಾರೆ. ಜೂನ್ ತಿಂಗಳಲ್ಲಿ ಹೊಸ ವರ್ಷದ ತರಗತಿಗಳು ಆರಂಭವಾಗುವ ಮುನ್ನ ಅವರು ಮಕ್ಕಳಿಗಾಗಿ ಧ್ಯಾನದ ಯೋಜನೆಯೊಂದನ್ನು ಸಿದ್ಧಪಡಿಸುವುದಕ್ಕಿಂತ ಮೊದಲು, ತಮ್ಮ ಆಡಳಿತ ಮಂಡಳಿಯ ಸಭೆಯನ್ನೇ ಎರಡು ನಿಮಿಷದ ಮೌನದಿಂದ ಆರಂಭಿಸಿ ನೋಡಲಿ. ಆ ಮೌನದ ಬಳಿಕ ಶುಲ್ಕ ಕಟ್ಟಲಾಗದ ಪೋಷಕರ ಅರ್ಜಿಯನ್ನೂ, ಅನುತ್ತೀರ್ಣನಾದ ಹುಡುಗನ ವಿಷಯವನ್ನೂ, ವೇತನ ತಡವಾದ ಶಿಕ್ಷಕಿಯ ಅಹವಾಲನ್ನೂ ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದರಿಂದ, ಆ ಶಾಲೆಯ ಮಕ್ಕಳಿಗೆ ಅವಧಾನವನ್ನು ಕಲಿಸುವ ಕಾಲ ಬಂದಿದೆಯೋ ಇಲ್ಲವೋ ಎಂಬುದು ತಾನಾಗಿಯೇ ತಿಳಿಯುತ್ತದೆ.